ನನಗೆ ನೆಗಡಿಯಿತ್ತು

ನಿವೃತ್ತಿಯ ದಿನ ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೈಗಿಟ್ಟು ಮಾತನಾಡಿದವರೆಲ್ಲ ನನ್ನ ಬಗ್ಗೆ ಹೆಚ್ಚುಕಡಿಮೆ ಒಂದೇ ಮಾತು ಹೇಳಿದರು. ಎಚ್‌ಐವಿ ಎಂದರೆ ಊರಿಗೆ ಊರೇ ಬಾಗಿಲು ಹಾಕಿಕೊಳ್ಳುತ್ತಿದ್ದ ಕಾಲದಲ್ಲಿ ಈ ಸಿಸ್ಟರ್ ಅಂಥವರ ಮನೆಗೆ ಹೋಗಿ ಅವರ ಪಕ್ಕದಲ್ಲಿ ಕೂತು ಬರುತ್ತಿದ್ದರು, ಯಾರನ್ನು ಮುಟ್ಟುವುದಕ್ಕೂ ಹಿಂಜರಿದವರಲ್ಲ ಎಂದು. ಚಪ್ಪಾಳೆ ಚೆನ್ನಾಗಿಯೇ ಬಿತ್ತು. ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಆದರೆ ಆ ಮಾತಿಗೆ ಇನ್ನೊಂದು ಮಗ್ಗುಲಿತ್ತು. ಅದು ಗೊತ್ತಿದ್ದವರು ಇಬ್ಬರೇ, ನಾನು ಮತ್ತು ನುಗ್ಗೇಹಳ್ಳಿ ಕಡೆಯ ಒಬ್ಬ ಹೆಂಗಸು. ಈಗ ತರಬೇತಿ ಮುಗಿಸಿ ಕೆಲಸಕ್ಕೆ ಸೇರುತ್ತಿರುವ ಹುಡುಗಿಯರು "ಮೇಡಂ, ನಿಮ್ಮ ಅನುಭವ ಬರೀರಿ" ಎಂದು ಗಂಟುಬಿದ್ದಿದ್ದಾರೆ. ಬರೆಯುವುದಾದರೆ ಆ ಮಗ್ಗುಲನ್ನೇ ಬರೆಯಬೇಕು ಎಂದು ಕೂತಿದ್ದೇನೆ.

ನಾನು ಹೊಳೆನರಸೀಪುರದ ಗುಡಿ ಬೀದಿಯವಳು. ತಂದೆ ಅರ್ಚಕರು, ಅಣ್ಣ ಮೇಷ್ಟ್ರು. ನಾನು ಕಿರಿಯ ಆರೋಗ್ಯ ಸಹಾಯಕಿಯಾಗಿ ಸೇರಿದೆ, ಹಳ್ಳಿಯವರ ಬಾಯಲ್ಲಿ ನರ್ಸಮ್ಮ ಅಥವಾ ಸಿಸ್ಟ್ರು. ಈ ಕಿರಿಯಳು ಯಾವಾಗ ಹಿರಿಯಳಾದಳು, ಎಷ್ಟು ವರ್ಗಾವಣೆ ಕಂಡಳು ಎಂಬುದೆಲ್ಲ ಸೇವಾ ಪುಸ್ತಕದಲ್ಲಿದೆ, ಅದು ಅಲ್ಲೇ ಇರಲಿ. ಕೆಲಸ ಎಂದರೆ ನಡಿಗೆ. ಲಸಿಕೆಯ ಡಬ್ಬಿ ಹೆಗಲಿಗೆ ಹಾಕಿಕೊಂಡು ಬಸ್ಸಿಳಿದು ಮನೆಮನೆಗೆ ಹೋಗುವುದು, ಬಸುರಿಯರನ್ನು ನೋಡುವುದು, ಮಕ್ಕಳನ್ನು ತೂಗುವುದು, ಬೈಸಿಕೊಳ್ಳುವುದು.

ತೊಂಬತ್ತರ ದಶಕದ ಶುರುವಿನಲ್ಲಿ, ಅರಕಲಗೂಡು ಕಡೆ ಇದ್ದಾಗ, ಮಕ್ಕಳ ಕೆಮ್ಮು ನೆಗಡಿಯಲ್ಲಿ ಅಪಾಯ ಗುರುತಿಸುವುದನ್ನು ಕಲಿಸುತ್ತೇವೆಂದು ನಮ್ಮನ್ನು ಹಾಸನಕ್ಕೆ ಕರೆಸಿದರು. ಕಲಿಸಿದವರು ಒಬ್ಬ ಮಕ್ಕಳ ಡಾಕ್ಟರು. ಒಣಕಲು ಮೈ, ಮೂಗಿನ ತುದಿಯಲ್ಲಿ ಕನ್ನಡಕ, ನಗುವನ್ನು ಮನೆಯಲ್ಲೇ ಬಿಟ್ಟು ಬರುವ ಮನುಷ್ಯ. ತಾಯಿಯ ತೊಡೆಯ ಮೇಲಿದ್ದ ಆರು ತಿಂಗಳ ಒಂದು ಕೂಸನ್ನು ತೋರಿಸಿ ಉಸಿರು ಎಣಿಸಿ ಎಂದರು. ನಾನು ಭಾರೀ ಚುರುಕು. ಹದಿನೈದು ಸೆಕೆಂಡು ಎಣಿಸಿ, ನಾಲ್ಕರಿಂದ ಗುಣಿಸಿ, ಎಲ್ಲರಿಗಿಂತ ಮೊದಲು ಕೈ ಎತ್ತಿದೆ.

"ಎಷ್ಟು?"

"ನಲವತ್ತನಾಲ್ಕು ಸಾರ್."

"ಏನ್ರೀ, ನೀವು ನರ್ಸೋ ಲೆಕ್ಕದ ಮೇಷ್ಟ್ರೋ? ಮಗು ಹದಿನೈದು ಸೆಕೆಂಡ್ ಒಂದು ಥರ ಉಸಿರಾಡತ್ತೆ, ಆಮೇಲೆ ಇನ್ನೊಂದು ಥರ. ಪೂರ್ತಿ ಒಂದು ನಿಮಿಷ ನೋಡಿ. ಮುಟ್ಟಬೇಡಿ. ಅಂಗಿ ಎತ್ತಿ, ಸುಮ್ಮನೆ ಕೂತು ನೋಡಿ."

ಕೂತು ನೋಡಿದೆ. ಐವತ್ತೆಂಟು ಬಂತು. ನನ್ನ ಲೆಕ್ಕದ ಪ್ರಕಾರ ಆ ಮಗು ಮನೆಗೆ ಹೋಗುತ್ತಿತ್ತು, ಅವರ ಲೆಕ್ಕದ ಪ್ರಕಾರ ವಾರ್ಡಿಗೆ ಸೇರಿತು. ನಾಚಿಕೆ ಆಯಿತು, ನಿಜ. ಆದರೆ ನಾಚಿಕೆಗಿಂತ ಹೆಚ್ಚಾಗಿ ನನಗೆ ಅನಿಸಿದ್ದು ಬೆರಗು. ನನ್ನ ಅಂಗೈಯಷ್ಟೇ ಅಗಲದ ಎದೆ ಅದು. ಏರುತ್ತದೆ, ಇಳಿಯುತ್ತದೆ, ಎಲ್ಲೋ ಒಂದು ಕ್ಷಣ ತಡೆಯುತ್ತದೆ, ಮತ್ತೆ ಏರುತ್ತದೆ. ಯಾರೂ ಹೇಳಿಕೊಟ್ಟಿಲ್ಲ, ಯಾರೂ ನೆನಪಿಸುತ್ತಿಲ್ಲ. ಮನೆಯಲ್ಲಿ ಐದು ಮಕ್ಕಳ ಮಧ್ಯೆ ಬೆಳೆದವಳು ನಾನು, ಒಂದು ಮಗು ಉಸಿರಾಡುವುದನ್ನು ಪೂರ್ತಿ ಒಂದು ನಿಮಿಷ ಅದುವರೆಗೆ ನೋಡಿಯೇ ಇರಲಿಲ್ಲ. ಎರಡು ತಿಂಗಳೊಳಗಿನದಕ್ಕೆ ಅರವತ್ತು, ವರ್ಷದೊಳಗಿನದಕ್ಕೆ ಐವತ್ತು ಮುಟ್ಟಿದರೆ ಅಪಾಯ ಎಂದು ಅವತ್ತು ಬಾಯಿಪಾಠ ಮಾಡಿಕೊಂಡೆ. ನಿಮಗೂ ಅದನ್ನೇ ಹೇಳಿಕೊಡುತ್ತಾರೆ. ನಾಲ್ಕರಿಂದ ಗುಣಿಸಬೇಡಿ.

ಆಮೇಲೆ ಹಳ್ಳಿಮೈಸೂರು. ಅಲ್ಲಿ ನನ್ನ ಯುದ್ಧವೆಲ್ಲ ಅಜ್ಜಿಯರ ಜೊತೆ. ಬಾಣಂತಿ ಕೋಣೆಯ ಕಿಟಕಿ ಮುಚ್ಚಿ, ಕೆಂಡಕ್ಕೆ ಸಾಮ್ರಾಣಿ ಹಾಕಿ, ಎದುರಿಗಿರುವವರ ಮುಖ ಕಾಣದ ಹಾಗೆ ಹೊಗೆ ತುಂಬಿಸುತ್ತಿದ್ದರು. ನಾನು ಒಳಗೆ ನುಗ್ಗಿ ಕಿಟಕಿ ತೆಗೆಯುವುದು, ಅಜ್ಜಿ ಹಿಂದೆಯೇ ಬಂದು ಮುಚ್ಚುವುದು. "ನಿಮ್ಮನ್ನೂ ಒಗೇಲೇ ಸಾಕಿರೋದು ಕಣವ್ವ, ಏನಾಗೈತೆ ಈಗ? ಮಾತು ಒಂದು ಜಾಸ್ತಿ ಬಂದೈತೆ ಅಷ್ಟೇಯ," ಎಂದಳು ಒಬ್ಬಳು. ನಗುತ್ತಲೇ ಬೈದು, ಬೈಸಿಕೊಂಡು, ಆ ಮನೆಯಲ್ಲಿ ಊಟ ಮಾಡಿ ಬಂದೆ.

ಆ ಊಟದ ವಿಷಯ ಹೇಳಬೇಕು, ಯಾಕೆಂದರೆ ಮುಂದಿನ ತಪ್ಪಿನ ಬೇರು ಅಲ್ಲಿದೆ. ನಮ್ಮ ಮನೆಯಲ್ಲಿ ಮಡಿ ಜೋರು. ನಾನು ಕೆಲಸದಿಂದ ಬಂದರೆ ಅಮ್ಮ ಹಿತ್ತಿಲ ಬಾಗಿಲಿಂದ ಕರೆದುಕೊಂಡು, ತಲೆಗೆ ನೀರು ಹಾಕಿಸಿ, ಆಮೇಲೆ ಒಳಗೆ ಬಿಡುತ್ತಿದ್ದಳು. "ಯಾರ್ಯಾರನ್ನ ಮುಟ್ಟಿ ಬಂದ್ಯೋ ಏನೋ!" ಎನ್ನುವುದು ಆಕೆಯ ನಿತ್ಯದ ಮಾತು. ನನಗೆ ರೇಗಿಹೋಗುತ್ತಿತ್ತು. ಹಾಗಾಗಿ ಮುಟ್ಟುವುದು ನನಗೆ ಹಟವಾಯಿತು. ಯಾರ ಮನೆಯಲ್ಲಾದರೂ ಉಣ್ಣುತ್ತೇನೆ, ಯಾರ ಮಗುವನ್ನಾದರೂ ಎತ್ತುತ್ತೇನೆ ಎಂಬ ಹೆಮ್ಮೆ. ಎಚ್‌ಐವಿ ತರಬೇತಿಯಲ್ಲಿ ದೊಡ್ಡ ಚಿತ್ರಪಟ ಕೊಟ್ಟು, ಮುಟ್ಟಿದರೆ ಬರುವುದಿಲ್ಲ, ಜೊತೆಯಲ್ಲಿ ಉಂಡರೆ ಬರುವುದಿಲ್ಲ ಎಂದು ಹಳ್ಳಿಹಳ್ಳಿಯಲ್ಲಿ ಹೇಳಿ ಎಂದಾಗ, ಆ ಕೆಲಸ ನನಗೇ ಹೇಳಿ ಮಾಡಿಸಿದ ಹಾಗಿತ್ತು. ಚಿತ್ರಪಟದಲ್ಲಿದ್ದದ್ದು ಸತ್ಯ, ಇವತ್ತಿಗೂ ಸತ್ಯ. ನನ್ನ ತಪ್ಪು ಚಿತ್ರಪಟದಲ್ಲಿರಲಿಲ್ಲ.

ಆ ದಶಕದ ಕೊನೆಯಲ್ಲಿ ನಾನು ನುಗ್ಗೇಹಳ್ಳಿ ಕಡೆ ಬಂದಿದ್ದೆ. ಊರಿನ ಹೆಸರು ಬೇಡ, ಬಸ್ಸಿಳಿದು ಎರಡು ಮೈಲಿ ತೆಂಗಿನ ತೋಟಗಳ ನಡುವೆ ನಡೆಯಬೇಕು. ಅಲ್ಲಿನ ಮಂಜೇಗೌಡ ಎಂಬುವನು ತೆಂಗಿನಕಾಯಿ ಲಾರಿ ಓಡಿಸುತ್ತಿದ್ದ. ಅವನಿಗೆ ಟಿಬಿ ಬಂದು, ರಕ್ತ ಪರೀಕ್ಷೆ ಮಾಡಿದಾಗ ಎಚ್‌ಐವಿ ಇರುವುದು ತಿಳಿಯಿತು. ಬಸುರಿಯಾಗಿದ್ದ ಹೆಂಡತಿ ಸರೋಜಳಿಗೂ ಇತ್ತು. ಸುದ್ದಿ ಹೇಗೆ ಊರು ಸೇರಿತೋ, ಸೇರಿತು. ತಾಯಿಯಿಂದ ಮಗುವಿಗೆ ದಾಟದಂತೆ ತಡೆಯುವ ಔಷಧಿ ಆಗಿನ್ನೂ ನಮ್ಮ ಕಡೆಗೆ ಬಂದಿರಲಿಲ್ಲ. ಗಂಡು ಮಗು ಹುಟ್ಟಿತು. ನೆರೆಯವರು ಅವರ ಮನೆಯ ಮುಂದೆ ಹಾಯುವಾಗ ಸೆರಗು ಮೂಗಿಗೆ ಒತ್ತಿಕೊಳ್ಳುತ್ತಿದ್ದರು. ಮಗುವನ್ನು ನೋಡಲು ಒಬ್ಬರೂ ಬರಲಿಲ್ಲ.

ಮಗು ಮಾತ್ರ ಚೆನ್ನಾಗಿ ಬೆಳೆಯಿತು. ಮೂರು ತಿಂಗಳಾದರೂ ಒಂದು ಸೀನು ಇಲ್ಲ, ಕೆಮ್ಮಿಲ್ಲ. ನಾನು ಪ್ರತಿ ಸಲ ತೂಗಿದಾಗಲೂ ತಕ್ಕಡಿಯ ಮುಳ್ಳು ಒಂದಿಷ್ಟು ಮುಂದೆ ಹೋಗಿರುತ್ತಿತ್ತು. ಸರೋಜಳ ಅತ್ತೆ ನಿಂಗಮ್ಮನಿಗೆ ಒಂದೇ ಕೊರಗು. ತೊಟ್ಟಿಲಿಗೆ ಹಾಕುವ ಶಾಸ್ತ್ರ ಆಗಿಲ್ಲ. "ಸ್ವಾದರತ್ತೆ ಬಂದು ಕಿವೀಲಿ ಎಸ್ರು ಏಳ್ಬೇಕು ಕಣಮ್ಮ. ನನ್ ಮಗಳು ಬರಾಕಿಲ್ಲ ಅಂದ್ಬುಟ್ಳು. ಒಡಹುಟ್ಟಿದೋಳೇ ಬರ್ದಿದ್ಮೇಲೆ ಊರೋರು ಯಾಕ್ ಬಂದಾರು?" ಎಂದು ಕಣ್ಣೊರೆಸಿಕೊಂಡಳು.

ನನಗೆ ಅಷ್ಟು ಸಾಕಾಯಿತು. ಚಿತ್ರಪಟ ಕಂಕುಳಲ್ಲಿಟ್ಟು ಮನೆಮನೆ ಹತ್ತಿದೆ. "ಮೊದಲು ನಾನೇ ಎತ್ಕೊಳ್ತೀನಿ. ನನಗೇನಾದ್ರೂ ಆದ್ರೆ ನೀವು ಮುಟ್ಟಬೇಡಿ," ಎಂದು ಸವಾಲು ಹಾಕಿದೆ. ಒಂದು ವಾರ ಇದೇ ಕೆಲಸ. ಕೊನೆಗೆ ಎಂಟೊಂಬತ್ತು ಹೆಂಗಸರು ಬರುತ್ತೇವೆಂದು ಒಪ್ಪಿದರು. ಶಾಸ್ತ್ರಕ್ಕೆ ಎರಡು ದಿನವಿರುವಾಗ ನನಗೆ ನೆಗಡಿ ಹಿಡಿಯಿತು. ಹೋಗದಿದ್ದರೆ "ನೋಡು, ನರ್ಸಮ್ಮನೂ ಎದ್ರಿಕೊಂಡ್ಳು" ಎನ್ನುತ್ತಾರೆ. ಒಂದು ಮಾತ್ರೆ ನುಂಗಿ, ಕರ್ಚೀಫು ಸೊಂಟಕ್ಕೆ ಸಿಕ್ಕಿಸಿಕೊಂಡು ಹೋದೆ. ನೆಗಡಿ ಒಂದು ಕಾಯಿಲೆ ಎಂದು ನನ್ನ ತಲೆಗೆ ಬರಲೇ ಇಲ್ಲ.

ಹೆಂಗಸರು ಬಾಗಿಲಲ್ಲಿ ಗುಂಪಾಗಿ ನಿಂತಿದ್ದರು, ಒಳಗೆ ಬರಲು ಧೈರ್ಯವಿಲ್ಲ. ಸರೋಜ ನನ್ನ ಮುಖ ನೋಡಿದಳು. "ಸಿಸ್ಟ್ರೇ, ಎಸ್ರು ನೀವೇ ಏಳ್ತೀರಾ?" ಎಂದಳು. ಅರ್ಚಕರ ಮಗಳು ನಾನು, ಗೌಡರ ಮನೆಯ ಸೋದರತ್ತೆಯ ಮಣೆಯ ಮೇಲೆ ಕೂತೆ. ಮಗುವನ್ನು ಎದೆಗವಚಿಕೊಂಡು, ತುಟಿ ಅದರ ಕಿವಿಗೆ ತಾಗಿಸಿ, ಚೇತನ, ಚೇತನ, ಚೇತನ ಎಂದು ಮೂರು ಸಲ ಹೇಳಿದೆ. ಕೆನ್ನೆಗೆ ಮುತ್ತನ್ನೂ ಕೊಟ್ಟೆ, ಎಲ್ಲರಿಗೂ ಕಾಣುವ ಹಾಗೆ. ಒಬ್ಬೊಬ್ಬರೇ ಒಳಗೆ ಬಂದರು. ಮಗು ಕೈಯಿಂದ ಕೈಗೆ ಹೋಯಿತು, ತೊಟ್ಟಿಲ ಹಾಡು ಶುರುವಾಯಿತು, ನಿಂಗಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ನನ್ನ ಜೀವಮಾನದಲ್ಲಿ ಅಷ್ಟು ಹೆಮ್ಮೆಪಟ್ಟ ದಿನ ಇನ್ನೊಂದಿಲ್ಲ.

ನಾಲ್ಕನೇ ದಿನ ಮಗುವಿನ ಮೂಗು ಸೋರಿತು. ಆರನೇ ದಿನ ಮೊಲೆ ಬಿಟ್ಟಿತು. ನನಗೆ ಹೇಳಿ ಕಳಿಸಿದರು. ಅಂಗಿ ಎತ್ತಿ ಕೂತು ಪೂರ್ತಿ ನಿಮಿಷ ಎಣಿಸಿದೆ. ಎಪ್ಪತ್ತಾರು. ಪಕ್ಕೆ ಒಳಕ್ಕೆ ಸೆಳೆಯುತ್ತಿತ್ತು. ಸಿಕ್ಕಿದ ಟೆಂಪೋ ಹತ್ತಿ ಚನ್ನರಾಯಪಟ್ಟಣ, ಅಲ್ಲಿಂದ ಹಾಸನ. ವಾರ್ಡಿನಲ್ಲಿ ಅದೇ ಒಣಕಲು ಡಾಕ್ಟರು. ಮೂಗಿಗೆ ಆಕ್ಸಿಜನ್ ನಳಿಗೆ ಹಾಕಿ, ಎದೆಗೆ ಸ್ಟೆತೊಸ್ಕೋಪ್ ಇಟ್ಟು ಬಹಳ ಹೊತ್ತು ಕೇಳಿದರು. ಆಮೇಲೆ ತಲೆ ಎತ್ತದೆ ಕೇಳಿದರು.

"ಮನೇಲಿ ಯಾರಿಗಿತ್ತು ನೆಗಡಿ?"

"ಯಾರ್ಗೂ ಇರ್ಲಿಲ್ಲ ಸಾ," ಎಂದಳು ಸರೋಜ. "ನಮ್ಮನೆಗೆ ಯಾರು ಬತ್ತಾರೆ?"

ನಾನು ಅವಳ ಪಕ್ಕದಲ್ಲೇ ನಿಂತಿದ್ದೆ. ಕರ್ಚೀಫು ಇನ್ನೂ ಸೊಂಟದಲ್ಲೇ ಇತ್ತು. ಬಾಯಿ ತೆರೆಯಲಿಲ್ಲ.

ಸರೋಜ ನೀರು ತರಲು ಹೋದಾಗ ಡಾಕ್ಟರು ನನಗೆ ಬಿಡಿಸಿ ಹೇಳಿದರು. "ಇದು ವೈರಸ್ ಥರ ಕಾಣತ್ತೆ. ಯಾವುದು ಅಂತ ಹೇಳೋ ಪರೀಕ್ಷೆ ನಮ್ಮಲ್ಲಿಲ್ಲ. ನಿಮಗೂ ನನಗೂ ಮೂರು ದಿನದ ನೆಗಡಿ ಆಗಿ ಹೋಗೋದು, ಇಂಥ ಮಗೂಗೆ ಶ್ವಾಸಕೋಶಕ್ಕೆ ಇಳಿಯತ್ತೆ. ಆಂಟಿಬಯೋಟಿಕ್ ಕೊಡ್ತಾ ಇದೀನಿ, ಆದ್ರೆ ಅದು ವೈರಸ್ಸಿಗೆ ಕೆಲಸ ಮಾಡಲ್ಲ. ಆಕ್ಸಿಜನ್ ಕೊಟ್ಟು ಕಾಯೋದು. ತಾಯಿಯ ಸೋಂಕು ಇದಕ್ಕೂ ಬಂದಿದ್ರೆ ಕಷ್ಟ. ಬಂದಿದೆಯೋ ಇಲ್ಲವೋ ಈ ವಯಸ್ಸಲ್ಲಿ ಹೇಳೋಕಾಗಲ್ಲ, ತಾಯಿಯ ರಕ್ತದ ಗುರುತೇ ಮಗೂನಲ್ಲೂ ತೋರಿಸತ್ತೆ." ಸೋಂಕು ದಾಟದಿದ್ದರೂ ಇಂಥ ತಾಯಂದಿರ ಮಕ್ಕಳು ನೆಗಡಿ ಕೆಮ್ಮಿಗೆ ಬೇರೆ ಮಕ್ಕಳಿಗಿಂತ ಬೇಗ ಸೋಲುತ್ತಾರೆ ಎಂಬುದನ್ನು ನಾನು ಕಲಿತದ್ದು ಎಷ್ಟೋ ವರ್ಷದ ನಂತರ, ಇನ್ನೊಂದು ತರಬೇತಿಯಲ್ಲಿ.

ಐದು ದಿನ ಹೋರಾಡಿತು ಆ ಮಗು. ಹೋರಾಡಿತು ಎಂಬ ಮಾತನ್ನು ನಾವು ಸುಲಭವಾಗಿ ಹೇಳಿಬಿಡುತ್ತೇವೆ, ನಾನು ಕಂಡು ಹೇಳುತ್ತಿದ್ದೇನೆ. ಐದೂವರೆ ಕೆಜಿಯ ಜೀವ. ಕತ್ತು, ಹೊಟ್ಟೆ, ಮೂಗಿನ ಹೊಳ್ಳೆ, ಮೈಯಲ್ಲಿ ಏನೇನಿದೆಯೋ ಅದನ್ನೆಲ್ಲ ಉಸಿರಿಗೆ ಕೊಟ್ಟಿತ್ತು. ನಡುವೆ ಒಮ್ಮೆ ಕಣ್ಣು ಬಿಟ್ಟು ತಾಯಿಯನ್ನು ನೋಡಿ ತುಟಿ ಅಗಲಿಸಿತು. ಅಷ್ಟು ಕಷ್ಟದಲ್ಲಿ ನಗಲು ಅದಕ್ಕೆ ಶಕ್ತಿ ಎಲ್ಲಿಂದ ಬಂತು? ದೇವಸ್ಥಾನದ ಗರ್ಭಗುಡಿಯ ಮುಂದೆ ಬೆಳೆದವಳಾದರೂ, ಕೈ ತಾನಾಗಿಯೇ ಮುಗಿದುಕೊಂಡದ್ದು ನನಗೆ ಆ ಕಬ್ಬಿಣದ ಮಂಚದ ಮುಂದೆ. ಐದನೇ ದಿನ ಬೆಳಗ್ಗೆ ಹತ್ತು ಗಂಟೆಗೆ, ಡಾಕ್ಟರು ರೌಂಡ್ಸಿಗೆ ಬಂದಾಗಲೇ, ಎದೆ ನಿಂತಿತು.

ರಿಜಿಸ್ಟರಿನಲ್ಲಿ ನ್ಯುಮೋನಿಯಾ ಎಂದು ಬರೆದರು. ಊರಿನಲ್ಲಿ ಆ ಕಾಯಿಲೆಯಿಂದ ಹೋಯಿತು ಎಂದರು. ನೆಗಡಿಯ ಹೆಸರು ಎಲ್ಲಿಯೂ ಬರಲಿಲ್ಲ. ಶಾಸ್ತ್ರಕ್ಕೆ ಬಂದ ಹೆಂಗಸರು ಮನೆಗೆ ಹೋಗಿ ತಲೆಗೆ ನೀರು ಹಾಕಿಕೊಂಡರಂತೆ, ತಮಗೇನಾದರೂ ಅಂಟಿದೆಯೋ ಎಂದು. ಊರಿಗೆ ಊರೇ ಆ ಮಗುವಿನಿಂದ ತಮಗೇನು ಬಂದೀತು ಎಂದು ನಡುಗಿತ್ತು. ಬಂದದ್ದು ನಮ್ಮಿಂದ ಅದಕ್ಕೆ. ಬಹಿಷ್ಕಾರ ಒಳ್ಳೆಯದಿತ್ತು ಎಂದು ನಾನು ಖಂಡಿತ ಹೇಳುತ್ತಿಲ್ಲ. ಆ ಮೂರು ತಿಂಗಳು ಆ ಮನೆ ಅನುಭವಿಸಿದ್ದು ಯಾರಿಗೂ ಬೇಡ. ಆದರೆ ಅವರ ಬಾಗಿಲಿಗೆ ಜನರನ್ನು ಕರೆತಂದವಳು ಮೊದಲು ತನ್ನ ಮೂಗನ್ನು ನೋಡಿಕೊಳ್ಳಬೇಕಿತ್ತು. ಎಂಟೊಂಬತ್ತು ಜನರಲ್ಲಿ ಇನ್ಯಾರಿಗೋ ಶೀತವಿತ್ತೇನೋ ಎಂದು ಎಷ್ಟೋ ಸಲ ಮನಸ್ಸಿಗೆ ಸಮಾಧಾನ ಹೇಳಿಕೊಂಡಿದ್ದೇನೆ. ನೆನಪು ಒಪ್ಪುವುದಿಲ್ಲ.

ಆಮೇಲೆ ನಾನು ಮಾಡಿದ್ದು ಇನ್ನೂ ದೊಡ್ಡ ತಪ್ಪು. ಸರೋಜಳ ಬೀದಿಗೆ ಹೋಗುವುದನ್ನೇ ಬಿಟ್ಟೆ. ಅಂಗನವಾಡಿಗೆ ಹಿಂದಿನ ಓಣಿಯಿಂದ ಸುತ್ತಿ ಹೋಗುತ್ತಿದ್ದೆ. ಹೀಗೆ ಎಂಟು ತಿಂಗಳು. ಒಂದು ಮಧ್ಯಾಹ್ನ ಅವಳೇ ನಮ್ಮ ಆರೋಗ್ಯ ಉಪಕೇಂದ್ರಕ್ಕೆ ಬಂದು ಬೆಂಚಿನ ಮೇಲೆ ಕೂತಳು. ಅರ್ಧಕ್ಕರ್ಧ ಇಳಿದುಹೋಗಿದ್ದಳು.

"ಸಿಸ್ಟ್ರೇ, ಒಂದ್ ಮಾತು ಕೇಳ್ತೀನಿ, ಸುಳ್ಳು ಏಳ್ಬೇಡಿ. ನನ್ ಆಲಿಂದ್ಲೇ ಅಲ್ವಾ ಅದು ಓಗಿದ್ದು?"

ಎಂಟು ತಿಂಗಳಿಂದ ಆ ತಾಯಿ ತನ್ನ ಎದೆಹಾಲನ್ನೇ ವಿಷವೆಂದುಕೊಂಡು ಬದುಕಿದ್ದಳು, ನಾನು ಹಿಂದಿನ ಓಣಿಯಲ್ಲಿ ಓಡಾಡಿಕೊಂಡಿದ್ದೆ. ಇನ್ನು ತಡೆಯಲಾಗಲಿಲ್ಲ. "ಅಲ್ಲ ಸರೋಜ. ಅವತ್ತು ನನಗೆ ನೆಗಡಿಯಿತ್ತು," ಎಂದೆ. ಡಾಕ್ಟರು ಹೇಳಿದ್ದನ್ನೆಲ್ಲ ಹೇಳಿದೆ. ಅವರು ಕೇಳಿದಾಗ ಬಾಯಿ ಮುಚ್ಚಿಕೊಂಡು ನಿಂತಿದ್ದನ್ನೂ ಹೇಳಿದೆ. ಬೈಯಲಿ, ಹೊಡೆಯಲಿ, ಮೇಲಿನವರಿಗೆ ದೂರು ಕೊಡಲಿ ಎಂದು ಕೂತಿದ್ದೆ.

"ಅಂಗಾರೆ ನಾನಲ್ಲ," ಎಂದಳು ಮೆಲ್ಲಗೆ. ಮತ್ತೆ, "ನಾನಲ್ಲ ಅಂದಂಗಾಯ್ತು," ಎಂದು ಬಿಕ್ಕಿ ಬಿಕ್ಕಿ ಅತ್ತಳು. ಅತ್ತು ಮುಗಿಸಿ, ಮುಖ ಒರೆಸಿಕೊಂಡು, ನಾನು ಕನಸಿನಲ್ಲೂ ಎಣಿಸದ ಪ್ರಶ್ನೆ ಕೇಳಿದಳು.

"ನೆಗಡಿ ಮೈಯಾಗೆ ಎಷ್ಟ್ ದಿನ ಇರ್ತದೆ? ಸೀನಿದ್ರೆ ಎಷ್ಟ್ ದೂರ ಬತ್ತದೆ? ಕೈಯಿಂದ್ಲೂ ಬತ್ತದಾ? ಸೋಪ್ ಆಕಿದ್ರೆ ಓಯ್ತದಾ?"

ಗೊತ್ತಿದ್ದಷ್ಟು ಹೇಳಿದೆ. ಗೊತ್ತಿಲ್ಲದ್ದನ್ನು ಮುಂದಿನ ವಾರ ಡಾಕ್ಟರನ್ನು ಕೇಳಿಕೊಂಡು ಬಂದು ಹೇಳಿದೆ. ಮಗು ಕಳೆದುಕೊಂಡವಳು, ಮೂರನೇ ಕ್ಲಾಸು ಓದಿದವಳು, ಕಳೆದದ್ದಕ್ಕೆ ಜಗಳ ತೆಗೆಯದೆ, ಕಳೆದದ್ದು ಹೇಗೆ ಎಂದು ತಿಳಿದುಕೊಳ್ಳುತ್ತಿದ್ದಳು. ಅವಳ ಮುಂದೆ ನಾನು ತೀರ ಸಣ್ಣವಳಾದೆ. ಕ್ಷಮಿಸಿದೆ ಎಂದು ಅವಳು ಹೇಳಲಿಲ್ಲ. ನಾನೂ ಕೇಳಲಿಲ್ಲ.

ವರ್ಷಗಳು ಕಳೆದವು. ಎರಡು ಸಾವಿರದ ಇಸವಿ ದಾಟಿ ಕೆಲಸದ ರೀತಿಯೇ ಬದಲಾಯಿತು. ಬಸುರಿಯರಿಗೆಲ್ಲ ಪರೀಕ್ಷೆ, ಹೆರಿಗೆ ನೋವು ಬಂದಾಗ ತಾಯಿಗೆ ಒಂದು ಮಾತ್ರೆ, ಹುಟ್ಟಿದ ಕೂಡಲೇ ಮಗುವಿನ ಬಾಯಿಗೆ ಒಂದಿಷ್ಟು ಔಷಧಿ. ಇಷ್ಟರಿಂದಲೇ ಎಷ್ಟೋ ಮಕ್ಕಳಿಗೆ ಸೋಂಕು ದಾಟುವುದು ತಪ್ಪುತ್ತದೆ ಎಂದಾಗ ನಂಬಲು ಕಷ್ಟವಾಯಿತು. ಆರು ವಾರದಿಂದ ಮಗುವಿಗೆ ದಿನವೂ ಕೊಡುವ ಸಿರಪ್ಪೂ ಬಂತು, ಒಂದು ಬಗೆಯ ನ್ಯುಮೋನಿಯಾ ತಡೆಯಲು. ನೆಗಡಿಯ ವೈರಸ್ಸಿಗೆ ಮಾತ್ರ ಆಗಲೂ ಮದ್ದಿರಲಿಲ್ಲ. ಟಿಬಿ ವಾಸಿಯಾದ ಮಂಜೇಗೌಡ ಲಾರಿ ಬಿಟ್ಟು ತೋಟ ನೋಡಿಕೊಳ್ಳುತ್ತಿದ್ದ. ಸರೋಜ ಮತ್ತೆ ಬಸುರಿಯಾದಳು. ಊರು ಬೈಯಿತು. "ಯೋಚನೆ ಮಾಡೇ ಮಾಡಿವ್ನಿ ಸಿಸ್ಟ್ರೇ," ಎಂದಳು ನನಗೆ, ಅಷ್ಟೇ. ಹಾಸನದಲ್ಲಿ ಹೆರಿಗೆ ಆಯಿತು, ಮಾತ್ರೆಯೂ ಔಷಧಿಯೂ ಸರಿಯಾದ ಹೊತ್ತಿಗೆ ಬಿದ್ದವು, ಹೆಣ್ಣು ಮಗು. ಒಂದೂವರೆ ವರ್ಷಕ್ಕೆ ಮಾಡಿಸಿದ ಪರೀಕ್ಷೆಯಲ್ಲಿ ಸೋಂಕಿಲ್ಲ ಎಂದು ಬಂತು. ಆದರೆ ನಾನು ಹೇಳಹೊರಟಿರುವುದು ಅದಕ್ಕಿಂತ ಮುಂಚಿನ ಮಾತು, ಮಗು ಎರಡು ತಿಂಗಳದ್ದಾಗಿದ್ದಾಗಿನದು.

ಸಿರಪ್ಪಿನ ಬಾಟಲಿ ಖಾಲಿಯಾಗುತ್ತಾ ಬಂದಿತ್ತು, ಹೊಸದು ತೆಗೆದುಕೊಂಡು ನಾನು ಹೊರಟೆ. ಹಿಂದಿನ ದಿನದಿಂದ ಗಂಟಲು ಕೆರೆಯುತ್ತಿತ್ತು. ಬಾಗಿಲಲ್ಲಿ ಕೊಟ್ಟು ಬಂದುಬಿಡೋಣ ಎಂದುಕೊಂಡೆ. ಅಂಗಳಕ್ಕೆ ಕಾಲಿಡುತ್ತಿದ್ದಂತೆ ಸೀನು ಬಂತು.

"ಅಲ್ಲೇ ನಿಂತ್ಕಳಿ ಸಿಸ್ಟ್ರೇ!"

ಸರೋಜ ಬಾಗಿಲಿಗೆ ಅಡ್ಡ ನಿಂತಿದ್ದಳು, ಎರಡು ಕೈಯಲ್ಲೂ ಬಾಗಿಲವಾಡ ಹಿಡಿದು. ಹಿಂದಿನಿಂದ ನಿಂಗಮ್ಮ, "ಥೂ, ಏನೇ ಅದು, ನರ್ಸಮ್ಮನ್ನ ಅಂಗಾ ಅನ್ನೋದು? ಔಸ್ದಿ ತಂದವ್ರೆ ಕಣೇ," ಎಂದು ಗದರಿದಳು. ಸರೋಜ ಅಲುಗಲಿಲ್ಲ. "ಔಸ್ದಿ ಜಗಲಿ ಮ್ಯಾಗಿಟ್ಟು ಈಚೆಗೆ ಓಗ್ಲಿ ಅತ್ತೆ. ನಾನು ಸೋಪ್ ನೀರಲ್ಲಿ ತೊಳ್ದು ತಕತೀನಿ," ಎಂದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ, ನಾಚಿಕೆಯೂ ಇರಲಿಲ್ಲ.

ಬಾಟಲಿಯನ್ನು ಜಗಲಿಯ ಮೇಲಿಟ್ಟು ನಾನು ಹಿಂದೆ ಸರಿದೆ. ಅಂಗಳ ದಾಟಿ ರಸ್ತೆಗೆ ಬಂದು ಬಿಸಿಲಿನಲ್ಲಿ ನಿಂತೆ. ಎದುರು ಮನೆಯವರು, ಹಾದುಹೋಗುವವರು, ಎಲ್ಲರೂ ನೋಡುತ್ತಿದ್ದರು, ಆ ಕಾಯಿಲೆಯ ಮನೆಯವಳು ನರ್ಸಮ್ಮನನ್ನೇ ಹೊರಗೆ ನಿಲ್ಲಿಸಿದ್ದಾಳೆ ಎಂದು. ನಾನು ಬಾಯಿಬಿಟ್ಟು ಹೇಳಿದ ಒಂದು ನಿಜವನ್ನು ಈ ಹೆಂಗಸು ಇಷ್ಟು ವರ್ಷ ಕಾಪಿಟ್ಟುಕೊಂಡು, ಅದರಿಂದ ತನ್ನ ಮಗುವಿಗೆ ಕಾವಲು ಕಟ್ಟಿದ್ದಳು, ನನ್ನ ವಿರುದ್ಧವೇ. ಇಡೀ ಇಲಾಖೆಯಲ್ಲಿ ನನಗೆ ಇಷ್ಟು ಸರಿಯಾದ ಆಜ್ಞೆ ಯಾರೂ ಕೊಟ್ಟಿರಲಿಲ್ಲ.

ಸ್ವಲ್ಪ ಹೊತ್ತಿಗೆ ಕಿಟಕಿಯ ಸರಳಿನ ಹಿಂದೆ ಸರೋಜ ಕಾಣಿಸಿದಳು. ಮಗುವನ್ನು ಎರಡು ಕೈಯಲ್ಲಿ ಎತ್ತಿ ಹಿಡಿದಿದ್ದಳು. ಗುಂಡು ಮುಖ, ತಲೆ ತುಂಬ ಕೂದಲು, ದೃಷ್ಟಿಬೊಟ್ಟು.

"ಈಗ ಅಲ್ಲಿಂದ್ಲೇ ನೋಡಿ ಸಿಸ್ಟ್ರೇ," ಎಂದು ಕೂಗಿದಳು. "ಉಷಾರಾದ್ಮೇಲೆ ಬನ್ನಿ, ಎತ್ಕೊಳ್ಳೋರಂತೆ."